ಬೆಣ್ಣೆ ಡಬ್ಬಕ್ಕೆ ಸೀಲು

ಮಾರ್ಚ್ 3, ಸೋಮವಾರ

ಇಪ್ಪತ್ತೆರಡು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ತಪಾಸಣೆ ಮಾಡಿದವನನ್ನು ಇವತ್ತು ತಕ್ಕಡಿಯೇ ತಪಾಸಣೆ ಮಾಡಿತು. ತೊಂಬತ್ತಾರು ಕಿಲೊ ನಾನೂರು ಗ್ರಾಂ. ಅದೂ ಜೇಬು ಖಾಲಿ ಮಾಡಿಸಿದ ಮೇಲೆ. ಕೀ ಗೊಂಚಲು, ಪರ್ಸು, ತಕ್ಕಡಿಗೆ ಸೀಲು ಹಾಕುವ ಕಬ್ಬಿಣದ ಇಕ್ಕಳ, ಅದರಲ್ಲಿ ಒತ್ತುವ ನಾಲ್ಕಾರು ಸೀಸದ ಗುಂಡು, ಎಲ್ಲವನ್ನೂ ಮೇಜಿನ ಮೇಲೆ ಸುರಿದೆ. ಆಸ್ಪತ್ರೆಯ ಆಹಾರ ತಜ್ಞೆ ನೋಡಿ, "ದಿನಾ ಇಷ್ಟು ಹೊತ್ಕೊಂಡು ಓಡಾಡ್ತೀರಲ್ಲ ಸಾರ್, ವ್ಯಾಯಾಮ ಆಯ್ತು ಬಿಡಿ" ಎಂದರು. ಮೂವತ್ತು ದಾಟದ ಹುಡುಗಿ. ತಮಾಷೆ ಮಾಡುತ್ತಾರೆ, ಆದರೆ ಮುಖದಲ್ಲಿ ನಗು ಇಲ್ಲ. ಇಂಥವರ ಹತ್ತಿರ ಹುಷಾರಾಗಿರಬೇಕು.

ವಿಷಯ ಇಷ್ಟೇ. ಅಕ್ಕನ ಎರಡೂ ಮೂತ್ರಪಿಂಡಗಳು ಕೈಕೊಟ್ಟು ಹದಿನಾಲ್ಕು ತಿಂಗಳಾಯಿತು. ಒಂದು ಹನಿ ಮೂತ್ರ ಬರುವುದಿಲ್ಲ. ವಾರಕ್ಕೆ ಮೂರು ದಿನ ಡಯಾಲಿಸಿಸ್, ದಿನಕ್ಕೆ ಮೂರು ಲೋಟ ನೀರು, ಅದೂ ನಾನು ಲೋಟಕ್ಕೆ ಗೀರಿಕೊಟ್ಟ ಗೆರೆಯವರೆಗೆ ಮಾತ್ರ. ಭಾವನ ಮೂತ್ರಪಿಂಡ ಹೊಂದಲಿಲ್ಲ. ನನ್ನದು ಹೊಂದುತ್ತದೆ, ಆದರೆ ನಾನು ದಪ್ಪ. ಜೂನ್ ಮುಗಿಯುವುದರೊಳಗೆ ಎಂಬತ್ತೆಂಟು ಕಿಲೊಗೆ ಇಳಿದರೆ ಕೊಡಬಹುದು ಎಂದರು ದೊಡ್ಡ ಡಾಕ್ಟರು. ಅದಕ್ಕಿಂತ ತಡವಾದರೆ ಅಕ್ಕನ ಹೃದಯವೇ ಶಸ್ತ್ರಚಿಕಿತ್ಸೆ ತಾಳಲಾರದಂತೆ. "ಆಗ್ಲಿಲ್ಲ ಅಂದ್ರೆ ಬಿಡಿ, ನಿಮ್ಮನ್ನ ಯಾರೂ ದೂರಲ್ಲ" ಎಂದರು.

ಆ "ಬಿಡಿ" ಎನ್ನುವ ಮಾತು ಕಿವಿಗೆ ಎಷ್ಟು ಹಿತವಾಗಿತ್ತು ಎಂದು ಒಂದು ಸಾಲು ಬರೆದಿದ್ದೆ. ಹೊಡೆದು ಹಾಕಿದ್ದೇನೆ.

ತಜ್ಞೆಯ ವಿಧಾನ ನನಗೆ ಸರಿಬರಲಿಲ್ಲ. ಮನೆಯಲ್ಲಿ ಯಾವುದನ್ನೂ ತೂಗಬೇಡಿ ಎಂದರು. ಒಂದು ಹೊತ್ತಿಗೆ ಒಂದು ಹಿಡಿ ಅನ್ನ ಅಥವಾ ಆಲೂಗಡ್ಡೆ, ಎರಡು ಹಿಡಿ ತರಕಾರಿ, ಅಂಗೈ ಅಗಲದ ಮೀನು.

"ಯಾರ ಹಿಡಿ?" ಎಂದೆ.

"ನಿಮ್ಮ ಹಿಡಿ ಸಾರ್. ನನ್ನ ಹಿಡಿ ಆದ್ರೆ ಉಪವಾಸ ಬೀಳ್ತೀರಿ."

ಇದು ಅಳತೆಯೇ? ಇಂಥ ಅಳತೆಯಲ್ಲಿ ವ್ಯಾಪಾರ ಮಾಡುವ ಅಂಗಡಿಗೆ ನಾನು ಬೀಗ ಜಡಿಸುತ್ತೇನೆ. ಆಮೇಲೆ ಕೇಳಿದರು, ಊಟ ನಿಂತು ಮಾಡ್ತೀರೋ ಕೂತು ಮಾಡ್ತೀರೋ ಎಂದು. ಒಂಟಿ ಮನುಷ್ಯ, ಅಡುಗೆಮನೆಯ ಸಿಂಕಿನ ಮುಂದೆ ನಿಂತು ಪಾತ್ರೆಯಿಂದಲೇ ತಿನ್ನುತ್ತೇನೆ, ತೊಳೆಯುವುದಕ್ಕೂ ಅಲ್ಲೇ ಅನುಕೂಲ ಎಂದೆ. ಅದನ್ನೂ ಬರೆದುಕೊಂಡರು. ತಿಂದಿದ್ದನ್ನೆಲ್ಲ ತುಂಬಿಸಲು ಒಂದು ಪಟ್ಟಿ ಕೊಟ್ಟಿದ್ದಾರೆ. ಆ ಪಟ್ಟಿಯಲ್ಲಿ ತುಂಬಿಸಲಾಗದ್ದಕ್ಕೆ ಈ ಪುಸ್ತಕ.

ಮಾರ್ಚ್ 6, ಗುರುವಾರ

ಆಫೀಸಿನ ಡ್ರಾಯರಿನಲ್ಲಿ ಮೂರು ಪೊಟ್ಟಣ ಬಿಸ್ಕತ್ತು ಇದ್ದವು. ಪಕ್ಕದ ಗುಮಾಸ್ತರಿಗೆ ಕೊಟ್ಟೆ. ಅವರು ಸಂಜೆಯವರೆಗೆ ನನ್ನ ಕಡೆ ತಿರುಗಿ ಕೂತು ತಿಂದರು. ಎರಡು ದಶಕದ ಸ್ನೇಹ ಹೀಗೆ ಮುಗಿಯುತ್ತದೆ.

ಅಕ್ಕ ಫೋನು ಮಾಡಿ, "ಗುಂಡ, ನಿಂಗೆ ಬೇಯಿಸ್ಕೊಳ್ಳೋಕೆ ಬರಲ್ಲ. ಆಫೀಸಿಂದ ಬರ್ತಾ ಮನೆಗೆ ಬಾ, ದಿನಾ ಸೂಪು ಮಾಡಿ ಡಬ್ಬಿಗೆ ಹಾಕಿಟ್ಟಿರ್ತೀನಿ" ಎಂದಳು. ಡಯಾಲಿಸಿಸ್ ಮುಗಿಸಿ ಬಂದ ದಿನ ಗೋಡೆ ಹಿಡಿದು ನಡೆಯುವವಳು. ಬೇಡ ಎಂದೆ. ಅಕ್ಕನಿಗೆ ಬೇಡ ಎಂದು ಗೆದ್ದವರು ನಮ್ಮ ವಂಶದಲ್ಲಿ ಇಲ್ಲ.

ಮಾರ್ಚ್ 17, ಸೋಮವಾರ

ತೊಂಬತ್ತೈದು ಏಳುನೂರು. ಬಿಸ್ಕತ್ತಿನ ಪುಣ್ಯ.

ಅಕ್ಕನ ಸೂಪಿನ ಬಗ್ಗೆ ಬರೆಯಲೇಬೇಕು. ಕುಂಬಳಕಾಯಿ ಒಂದು ದಿನ, ಕ್ಯಾರೆಟ್ಟು ಒಂದು ದಿನ. ಅವಳಿಗೆ ಉಪ್ಪು ಕೂಡದು, ಆದ್ದರಿಂದ ಉಪ್ಪಿಲ್ಲ. ನನಗೆ ಎಣ್ಣೆ ಕೂಡದು, ಆದ್ದರಿಂದ ಎಣ್ಣೆ ಇಲ್ಲ. ಆದರೂ ನಾಲಿಗೆಯ ಮೇಲೆ ನಯವಾಗಿ ಜಾರಿ ಹೋಗುತ್ತದೆ, ಎರಡು ಲೋಟ ಕುಡಿದರೂ ಇನ್ನೂ ಬೇಕೆನಿಸುತ್ತದೆ. ಬರೀ ತರಕಾರಿಯಲ್ಲಿ ಇಂಥ ರುಚಿ ತರುವುದೆಂದರೆ ಕೈಗುಣ ಎನ್ನದೆ ಬೇರೇನು ಎನ್ನಲಿ. ಡಬ್ಬಿ ಕೊಡುವಾಗ ಭಾವ ಏನೋ ಹೇಳಲು ಬಾಯಿ ತೆರೆದರು, ಅಕ್ಕ ಒಮ್ಮೆ ಕೆಮ್ಮಿದಳು, ಮುಚ್ಚಿಕೊಂಡರು. ಭಾವ ಮೂವತ್ತು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿದವರು. ಮನೆಯಲ್ಲೂ ಪಿಸುಮಾತೇ. ಬಾಯಿ ತೆರೆದರೂ ಏನು ಹೇಳಿದರೆಂದು ಕೇಳಿಸುವುದು ಕಷ್ಟ.

ಮಾರ್ಚ್ 31, ಸೋಮವಾರ

ತೊಂಬತ್ತಾರು ಕಿಲೊ ನೂರು ಗ್ರಾಂ. ಮೇಲೆ ಹೋಗಿದೆ. ಪಟ್ಟಿಯನ್ನು ತಜ್ಞೆ ಎರಡು ಸಲ ಓದಿದರು. "ಇಷ್ಟೇ ತಿಂದಿದ್ರೆ ಹೀಗಾಗಬಾರದು ಸಾರ್" ಎಂದರು. ಸುಳ್ಳು ಬರೆದಿಲ್ಲ ಎಂದೆ. "ನೀವು ಬರೆದಿಲ್ಲ ಅಂತ ಗೊತ್ತು" ಎಂದರು.

ಬಸ್ಸಿನಲ್ಲಿ ಬರುವಾಗ ಬೇಸರವಾಗಬೇಕಿತ್ತು. ಆಗಲಿಲ್ಲ. ಪ್ರಯತ್ನ ಪಟ್ಟೆ, ಆಗಲಿಲ್ಲ, ಯಾರೂ ದೂರುವುದಿಲ್ಲ. ಕಿಟಕಿ ಪಕ್ಕದ ಸೀಟು ಸಿಕ್ಕಿತು.

ಏಪ್ರಿಲ್ 9, ಬುಧವಾರ

ಅಕ್ಕನಿಗೆ ಡಯಾಲಿಸಿಸ್ ಮಧ್ಯೆ ರಕ್ತದೊತ್ತಡ ಕುಸಿದು ಹೋಗಿತ್ತು. ನಾನು ಹೋಗುವ ಹೊತ್ತಿಗೆ ಎಚ್ಚರವಾಗಿದ್ದಳು. ತುಟಿ ಒಡೆದು ಹೋಗಿತ್ತು. ನರ್ಸು ಒದ್ದೆ ಹತ್ತಿಯಲ್ಲಿ ತುಟಿ ಒರೆಸಿದಾಗ ಆ ಹತ್ತಿಯನ್ನು ಚೀಪಿದಳು. ನನ್ನನ್ನು ನೋಡಿ, "ಇವತ್ತು ಸೂಪು ಮಾಡೋಕಾಗ್ಲಿಲ್ಲ ಕಣೋ" ಎಂದಳು.

ಇವತ್ತು ಏನು ತಿಂದೆ ಎಂದು ಪಟ್ಟಿಯಲ್ಲಿ ಬರೆದಿಲ್ಲ. ನೆನಪಿಲ್ಲ.

ಏಪ್ರಿಲ್ 14, ಸೋಮವಾರ

ತೊಂಬತ್ತಾರು ಇನ್ನೂರು. ಆರು ವಾರ ಹಿಡಿ ಹಿಡಿ ಲೆಕ್ಕದಲ್ಲಿ ತಿಂದು ಇಳಿಸಿದ್ದು ಇನ್ನೂರು ಗ್ರಾಂ. ಒಂದು ದಪ್ಪ ಟೊಮೆಟೊ ಅದಕ್ಕಿಂತ ಹೆಚ್ಚು ತೂಗುತ್ತದೆ.

ನನಗೆ ರೇಗಿತು. ಈ ತಕ್ಕಡಿಗೆ ಕಳೆದ ವರ್ಷದ ಮುದ್ರೆ ಇಲ್ಲ ಎಂದು ಹೇಳಿಯೇಬಿಟ್ಟೆ. ಮುದ್ರೆ ಇಲ್ಲದ ತಕ್ಕಡಿಯ ಮಾತು ನಂಬಿ ಒಬ್ಬರ ಜೀವ ಪಣಕ್ಕಿಡಲಾಗುವುದಿಲ್ಲ. ನಾಳೆ ತೂಕದ ಬಟ್ಟುಗಳನ್ನು ತಂದು ಪರೀಕ್ಷಿಸುತ್ತೇನೆ ಎಂದೆ. ತಜ್ಞೆ ಪುಸ್ತಕದಿಂದ ತಲೆ ಎತ್ತದೆ, "ಲಿಫ್ಟ್ ಕೆಟ್ಟಿದೆ ಸಾರ್, ಮೆಟ್ಟಿಲು ಹತ್ಬೇಕು" ಎಂದರು.

ಏಪ್ರಿಲ್ 15, ಮಂಗಳವಾರ

ಇಪ್ಪತ್ತು ಕಿಲೊದ ಐದು ಬಟ್ಟುಗಳನ್ನು ಒಂದೊಂದಾಗಿ ಎರಡನೇ ಮಹಡಿಗೆ ಹೊತ್ತೆ. ಐದು ಸಲ ಮೇಲೆ, ಐದು ಸಲ ಕೆಳಗೆ. ಮೂರನೆಯ ಸಲಕ್ಕೆ ಮೆಟ್ಟಿಲ ತಿರುವಿನಲ್ಲಿ ಕೂತೆ. ಒಬ್ಬ ಮುದುಕಿ ಊರುಗೋಲು ಕುಟ್ಟುತ್ತ ನನ್ನನ್ನು ದಾಟಿ ಹೋದರು.

ನಿಯಮದ ಪ್ರಕಾರ ತೂಗಿದೆ. ನಡುವೆ, ನಾಲ್ಕು ಮೂಲೆಗೆ, ಏರಿಕೆಯಲ್ಲಿ, ಇಳಿಕೆಯಲ್ಲಿ. ನೂರು ಕಿಲೊಗೆ ಇಪ್ಪತ್ತು ಗ್ರಾಂ ಕೂಡ ಹೆಚ್ಚುಕಡಿಮೆ ಇಲ್ಲ. ಇಷ್ಟು ನಿಯತ್ತಿನ ತಕ್ಕಡಿಯನ್ನು ಈ ವರ್ಷ ನಾನು ಬೇರೆಲ್ಲೂ ಕಂಡಿಲ್ಲ. ಮುದ್ರೆ ಹಾಕಿದೆ, ಇಕ್ಕಳದಲ್ಲಿ ಸೀಸ ಒತ್ತಿ ಸೀಲು ಮಾಡಿದೆ.

"ತಕ್ಕಡಿ ಸರಿ ಇದೆ ಅಂದ್ರೆ ಇನ್ನು ತಟ್ಟೆ ನೋಡ್ಬೇಕು ಸಾರ್" ಎಂದರು ತಜ್ಞೆ. ಒಂದು ಲೋಟ ನೀರು ಕೊಟ್ಟರು. ಗೆರೆ ಇಲ್ಲದ ಲೋಟ. ಪೂರ್ತಿ ಕುಡಿಯುವಾಗ ಯಾಕೋ ನಾಚಿಕೆಯಾಯಿತು.

ಏಪ್ರಿಲ್ 17, ಗುರುವಾರ

ನಿನ್ನೆ ಹಲ್ಲುನೋವು. ಸೂಪಿನ ಡಬ್ಬಿಯನ್ನು ಮುಟ್ಟದೆ ಫ್ರಿಜ್ಜಿಗೆ ಇಟ್ಟಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ಹಳದಿಯಾಗಿ, ಗಟ್ಟಿಯಾಗಿ, ಡಬ್ಬಿಯ ಅಗಲಕ್ಕೆ ಸರಿಯಾಗಿ ಒಂದು ಬಿಲ್ಲೆ ಕೂತಿದೆ. ಬೆರಳಲ್ಲಿ ತಟ್ಟಿದರೆ ಟಕ್ ಎನ್ನುತ್ತದೆ. ಚಮಚದಿಂದ ಎತ್ತಿ ತೆಗೆದೆ. ಬೆಣ್ಣೆ.

ತೂಗಿದೆ. ಎಪ್ಪತ್ತೆರಡು ಗ್ರಾಂ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ದಿನಾಂಕ ಬರೆದು, "ಮಾದರಿ ಒಂದು" ಎಂದು ಚೀಟಿ ಅಂಟಿಸಿ ಆಸ್ಪತ್ರೆಗೆ ಓಡಿದೆ. ತಜ್ಞೆ ಚೀಲವನ್ನು ಬೆಳಕಿಗೆ ಹಿಡಿದು ನೋಡಿದರು.

"ದಿನಾ ಇಷ್ಟಾ?"

"ಅಕ್ಕನಿಗೆ ಗೊತ್ತಾಗಿರಲ್ಲ ಮೇಡಂ. ಪಾಪ, ಬೆಣ್ಣೆ ಒಳ್ಳೇದು ಅನ್ಕೊಂಡಿರ್ತಾಳೆ."

"ಹದಿನೈದು ತಿಂಗಳಿಂದ ನಿಮ್ಮ ಅಕ್ಕನ ಪಥ್ಯ ನಾನೇ ನೋಡ್ತಿದೀನಿ ಸಾರ್. ಯಾವುದರಲ್ಲಿ ಏನಿದೆ ಅಂತ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಇದನ್ನ ನನ್ನ ಹತ್ರ ಯಾಕೆ ತಂದ್ರಿ? ಅವರ ಹತ್ರ ತಗೊಂಡ್ಹೋಗಿ."

ಹೋದೆ. ಬಾಗಿಲು ತೆರೆದ ಭಾವ ನನ್ನ ಕೈಯಲ್ಲಿದ್ದ ಚೀಲ ನೋಡಿ, "ಸದ್ಯ, ಸಿಕ್ಕಿಬಿತ್ತಾ" ಎಂದು ಪಿಸುಗುಟ್ಟಿ ಪಕ್ಕಕ್ಕೆ ಸರಿದರು.

ಅಕ್ಕ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕ್ಯಾರೆಟ್ಟು ಹೆಚ್ಚುತ್ತಿದ್ದಳು. ಚೀಲವನ್ನು ಅವಳ ಮುಂದೆ ಇಟ್ಟೆ. ನೋಡಿದಳು, ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಹಾಕ್ದೆ. ಏನೀಗ?"

"ಯಾಕೆ?"

"ನಾನು ಬೇಡ ಅಂದ್ರೆ ನೀವ್ಯಾರೂ ಕೇಳಲ್ಲ. ಡಾಕ್ಟರು ಕೇಳಲ್ಲ, ಇವರು ಕೇಳಲ್ಲ, ನೀನಂತೂ ಮೊದಲೇ ಕೇಳಲ್ಲ. ಅದಕ್ಕೆ ತಕ್ಕಡಿ ಕೈಲಿ ಬೇಡ ಅನ್ನಿಸೋಣ ಅಂದ್ಕೊಂಡೆ."

ನಾನು ಚೀಲವನ್ನು ವಾಪಸ್ ನನ್ನ ಕಡೆ ಎಳೆದುಕೊಂಡೆ. ಅವಳ ಮಾತು ನಿಲ್ಲಲಿಲ್ಲ.

"ನೀನು ಹುಟ್ಟಿದಾಗ ಎರಡು ಕಿಲೊನೂ ಇರ್ಲಿಲ್ಲ. ಅಮ್ಮ ಕಾರ್ಖಾನೆಗೆ ಹೋಗೋಳು, ನಂಗೆ ಒಂಬತ್ತು ವರ್ಷ. ಹಾಲು ಕುಡಿಸಿದ್ರೆ ಕಕ್ಕೋನು. ಮತ್ತೆ ಕುಡಿಸ್ತಿದ್ದೆ. ಕಡ್ಡಿ ಥರ ಇದ್ದ ಮಗೂಗೆ ಗುಂಡ ಅಂತ ಹೆಸರಿಟ್ಟಿದ್ದು ಯಾರು? ಹಾಗಾದ್ರೂ ದಪ್ಪ ಆಗ್ಲಿ ಅಂತ ನಾನೇ. ನಿನ್ನ ಮೈಮೇಲಿರೋ ಒಂದೊಂದು ಕಿಲೊನೂ ನಾನು ತುಂಬಿಸಿದ್ದು. ಈಗ ಅದನ್ನ ಕೊಯ್ದು ತೆಗೀರಿ, ನಂಗೆ ಬೇಕು ಅಂತ ನಾನೇ ಹೇಳ್ಬೇಕಾ?"

ಅವಳು ಅಳಲಿಲ್ಲ. ನಾನು ಅತ್ತೆ. ಅತ್ತು, ಮೂಗೊರೆಸಿಕೊಂಡು, ಫ್ರಿಜ್ಜಿನಿಂದ ಬೆಣ್ಣೆಯ ತಗಡಿನ ಡಬ್ಬ ಹೊರಗೆ ತೆಗೆದೆ. ಜೇಬಿನಿಂದ ಇಕ್ಕಳ, ತಂತಿ, ಸೀಸದ ಗುಂಡು ತೆಗೆದು, ಡಬ್ಬದ ಕೊಂಡಿಗೆ ತಂತಿ ಸುತ್ತಿ ಸೀಸ ಒತ್ತಿದೆ. ಇಲಾಖೆಯ ಮುದ್ರೆ ಒತ್ತಲಿಲ್ಲ, ಅದು ದುರುಪಯೋಗ. ಬರೀ ಸೀಸ.

"ಇದನ್ನ ಮುರಿದ್ರೆ ನಂಗೆ ಗೊತ್ತಾಗತ್ತೆ" ಎಂದೆ.

"ಇನ್ನೊಂದು ಡಬ್ಬ ತರ್ತೀನಿ."

"ಅದಕ್ಕೂ ಹಾಕ್ತೀನಿ. ನನ್ನ ಹತ್ರ ಸೀಸ ಬೇಕಾದಷ್ಟಿದೆ."

ಈಗ ಮನೆಯಲ್ಲಿ ಕೂತು ಯೋಚಿಸಿದರೆ ನನಗೇ ಆಶ್ಚರ್ಯ. ಅಷ್ಟು ಕೋಪ ಯಾಕೆ ಬಂತೋ. ಎಷ್ಟಾದರೂ ಅದು ಬೆಣ್ಣೆ ಅಷ್ಟೇ.

ಏಪ್ರಿಲ್ 19, ಶನಿವಾರ

ಇನ್ನು ಡಬ್ಬಿ ವ್ಯವಹಾರ ಬೇಡ. ಸಂಜೆ ಅವರ ಮನೆಗೇ ಹೋಗಿ ನಾನೇ ಬೇಯಿಸುತ್ತೇನೆ, ಅವಳು ಸ್ಟೂಲಿನ ಮೇಲೆ ಕೂತು ನಿರ್ದೇಶನ ಕೊಡಲಿ. ಮೊದಲ ದಿನ ಹೂಕೋಸು ತಳ ಹಿಡಿಯಿತು. ಮೂವರೂ ಮೇಜಿನ ಸುತ್ತ ಕೂತು ತಿಂದೆವು. ಅಕ್ಕ ಎರಡು ದಿನದಿಂದ ನನ್ನೊಡನೆ ಮಾತಾಡಿರಲಿಲ್ಲ. ಸೀದ ಹೂಕೋಸನ್ನು ಬಾಯಿಗಿಟ್ಟ ಮೇಲೆ ಮಾತಾಡದೆ ಇರಲಾಗಲಿಲ್ಲ.

ಮೇ 12, ಸೋಮವಾರ

ತೊಂಬತ್ತಮೂರು ಕಿಲೊ ನೂರು ಗ್ರಾಂ. ತಜ್ಞೆಯ ಮುಖದಲ್ಲಿ ನಗು ಬಂದಂತಿತ್ತು, ಕಿಟಕಿಯ ಬೆಳಕೂ ಇರಬಹುದು.

ಕೆಲಸದ ದಾರಿಯಲ್ಲಿ ಎರಡು ನಿಲ್ದಾಣ ಮೊದಲೇ ಬಸ್ಸಿಳಿದು ನಡೆಯುತ್ತಿದ್ದೇನೆ. ಮಾರುಕಟ್ಟೆಯ ತರಕಾರಿಯವನು ತಡೆದು ನಿಲ್ಲಿಸಿದ. ಹೋದ ವರ್ಷ ಇವನ ತಕ್ಕಡಿ ಕಡಿಮೆ ತೂಗುತ್ತಿದೆ ಎಂದು ನಾನು ದಂಡ ಹಾಕಿದ್ದೆ. "ನಮ್ಮ ಸಾಮಾನು ತೂಕದಲ್ಲಿ ಕಮ್ಮಿ ಬಂದ್ರೆ ದಂಡ. ನೀವು ಕಮ್ಮಿ ಆದ್ರೆ ಏನೂ ಇಲ್ವಾ ಸಾರ್?" ಎಂದ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಅಂಗಡಿಯವನು ನನ್ನೊಡನೆ ನಕ್ಕಿದ್ದು ಇದೇ ಮೊದಲು. ಅವನ ಬೀನ್ಸ್ ಚೆನ್ನಾಗಿತ್ತು. ಎರಡು ಹಿಡಿ ತೆಗೆದುಕೊಂಡೆ. ತೂಕ ಹಾಕಿಸುವುದು ಮರೆತು ಹೋಗಿ, ಅವನೇ ಕರೆದು ಹಾಕಿಕೊಟ್ಟ.

ಜೂನ್ 2, ಸೋಮವಾರ

ತೊಂಬತ್ತು ಒಂಬೈನೂರು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದೆ. ಭಾವನೂ ನಾಲ್ಕು ಕಿಲೊ ಇಳಿದಿದ್ದಾರೆ. ಯಾರೂ ಇಳಿಯಿರಿ ಎಂದು ಕೇಳಿರಲಿಲ್ಲ. ಬೆಣ್ಣೆ ಬಂದ್ ಆಗಿದ್ದು ಅವರಿಗೂ ತಾನೆ.

ಅಕ್ಕ ಮಾತ್ರ ಸೊರಗುತ್ತಿದ್ದಾಳೆ. ಇವತ್ತು ಎತ್ತುವಾಗ ಲೋಟ ವಾಲಿ, ದಿನದ ಮೂರನೆಯ ಲೋಟದ ಅರ್ಧ ನೀರು ನೆಲಕ್ಕೆ ಬಿತ್ತು. ಮತ್ತೆ ತುಂಬಿಸಿ ಕೊಟ್ಟೆ. ಅವಳು ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ನೀರು ಗೆರೆಯ ಅರ್ಧಕ್ಕೆ ಇಳಿಯುವವರೆಗೆ ವಾಪಸ್ ಸುರಿದಳು. ಬಿದ್ದಿದ್ದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ ಎಂದರೂ ಕೇಳಲಿಲ್ಲ.

ಜೂನ್ 18, ಬುಧವಾರ

ಎಂಬತ್ತೊಂಬತ್ತು ಆರುನೂರು. ಒಂದು ವಾರದಿಂದ ಅಲ್ಲೇ ಕೂತಿದೆ. ನಾನು ರಾಗ ಎಳೆಯುವ ಮುನ್ನವೇ ತಜ್ಞೆ, "ತಕ್ಕಡಿ ಪರೀಕ್ಷೆ ಮಾಡ್ತೀರಾ ಸಾರ್?" ಎಂದರು. ಬೇಡ ಎಂದೆ. ಮೆಟ್ಟಿಲು ಹತ್ತಿ ಇಳಿಯುತ್ತೇನೆ, ಬಟ್ಟು ಇಲ್ಲದೆ. ಇವತ್ತು ಹತ್ತು ಸಲ.

ಜೂನ್ 30, ಸೋಮವಾರ

ಕೊನೆಯ ತೂಕ. ದೊಡ್ಡ ಡಾಕ್ಟರೂ ಬಂದು ನಿಂತಿದ್ದರು. ಅಕ್ಕನೂ ಗಾಲಿಕುರ್ಚಿಯಲ್ಲಿ ಬಂದಿದ್ದಳು, ಹಿಂದೆ ಭಾವ. ನಾನು ಒಂದು ತಪಾಸಣೆ ಮುಗಿಸಿ ನೇರ ಓಡಿ ಬಂದಿದ್ದೆ. ಶೂ ಬಿಚ್ಚಿ ಹತ್ತಿದೆ.

ಎಂಬತ್ತೆಂಟು ಮುನ್ನೂರು.

ಮುನ್ನೂರು ಗ್ರಾಂ ತಾನೆ ಎಂದು ಇನ್ಯಾರಾದರೂ ಅನ್ನಬಹುದಿತ್ತು. ನಾನು ಹೇಗೆ ಅನ್ನಲಿ? ಅದಕ್ಕಿಂತ ಕಡಿಮೆ ವ್ಯತ್ಯಾಸಕ್ಕೆ ಅಂಗಡಿ ಮುಚ್ಚಿಸಿದವನು. ಆ ತಕ್ಕಡಿಗೆ ಸೀಲು ಹಾಕಿದವನೂ ನಾನೇ. ನಾಲ್ಕು ತಿಂಗಳ ಹಿಂದೆ ಇದೇ ಕೋಣೆಯಲ್ಲಿ ಈ ಡಾಕ್ಟರು "ಬಿಡಿ" ಎಂದದ್ದು ನೆನಪಾಯಿತು. ಇನ್ನೊಮ್ಮೆ ಅಂದರೆ ಜಗಳಕ್ಕೇ ನಿಲ್ಲುತ್ತಿದ್ದೆ.

"ಏಯ್ ಗುಂಡ" ಎಂದಳು ಅಕ್ಕ. "ಆ ಪ್ಯಾಂಟಿನ ಜೇಬು ಯಾಕೋ ಜೋತಾಡ್ತಿದೆ?"

ಕೈ ಹಾಕಿ ನೋಡಿದೆ. ಕೀ ಇಲ್ಲ, ಪರ್ಸು ಇಲ್ಲ, ಅವನ್ನು ಚೀಲದಲ್ಲಿಟ್ಟಿದ್ದೆ. ಇಕ್ಕಳ ಇತ್ತು. ಜೊತೆಗೆ ನಾಲ್ಕಾರು ಸೀಸದ ಗುಂಡು. ಪ್ರತಿ ಸಲವೂ ತಪ್ಪದೆ ಮೇಜಿನ ಮೇಲೆ ಇಡುವವನು ಇವತ್ತೇ ಮರೆತಿದ್ದೆ.

"ಕೊಡಿಲ್ಲಿ" ಎಂದು ಕೈ ಚಾಚಿದಳು. ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ಮಡಿಲಲ್ಲಿ ಇಟ್ಟುಕೊಂಡಳು. "ನನ್ನ ಬೆಣ್ಣೆಗೆ ಸೀಲು ಹಾಕಿದ್ದನ್ನ ಹೊತ್ಕೊಂಡು ತೂಕಕ್ಕೆ ನಿಂತಿದೀಯಲ್ಲೋ. ಈಗ ಹತ್ತು."

ಎಂಬತ್ತೇಳು ಒಂಬೈನೂರು.

ತಜ್ಞೆ ನಕ್ಕರು. ಈ ಸಲ ಕಿಟಕಿಯ ಬೆಳಕಲ್ಲ. ಅಕ್ಕ ಇಕ್ಕಳವನ್ನು ಮನೆ ಸೇರುವವರೆಗೆ ವಾಪಸ್ ಕೊಡಲಿಲ್ಲ.

ಜುಲೈ 13, ಭಾನುವಾರ

ನಾಳೆ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಮಧ್ಯಾಹ್ನ ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ವಿವರಿಸಿದರು. ಎಷ್ಟು ದೊಡ್ಡದಿರುತ್ತದೆ ಎಂದು ಅಕ್ಕ ಕೇಳಿದಳು. ನೂರೈವತ್ತು ಗ್ರಾಂ ಆಸುಪಾಸು, ಹೆಚ್ಚುಕಡಿಮೆ ಒಂದು ಹಿಡಿ ಎಂದರು. ಯಾರ ಹಿಡಿ ಎಂದು ಕೇಳಲಿಲ್ಲ.

ಅವರು ಹೋದ ಮೇಲೆ ಅಕ್ಕ ನನ್ನ ಬಲಗೈ ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮಾಡಿದಳು. ಎರಡೂ ಕೈಯಲ್ಲಿ ಅದನ್ನು ಹಿಡಿದು ತಿರುಗಿಸಿ ನೋಡಿದಳು.

"ಇಷ್ಟೇನಾ?"

"ಇಷ್ಟೇ."

"ಇಷ್ಟಕ್ಕೆ ಎಂಟೂವರೆ ಕಿಲೊ ಇಳಿಸಿದ್ಯಾ."

"ಹೂಂ."

"ನೋಯತ್ತೆ ಕಣೋ."

"ಗೊತ್ತು."

ಮುಷ್ಟಿಯನ್ನು ತುಂಬ ಹೊತ್ತು ಬಿಡಲಿಲ್ಲ. ಊಟದ ಗಾಡಿ ಬಂದ ಮೇಲೆ ಬಿಟ್ಟಳು.

ಜುಲೈ 17, ಗುರುವಾರ

ಅಕ್ಷರ ಓರೆಯಾಗುತ್ತಿದೆ. ಪಕ್ಕೆ ನೋಯುತ್ತದೆ, ನಕ್ಕರೆ ಇನ್ನೂ ಹೆಚ್ಚು. ತಜ್ಞೆ ಬಂದು ಒಂದು ಹಿಡಿ ಆಲೂಗಡ್ಡೆ ಕಿವುಚಿದ್ದು ಕೊಡಿಸಿ, "ಮಲಗಿ ತಿನ್ಬೇಡಿ, ಕೂತು ತಿನ್ನಿ" ಎಂದು ದಿಂಬು ಏರಿಸಿ ಹೋದರು.

ಸೋಮವಾರ ಸಂಜೆಯದನ್ನು ಮರೆಯುವ ಮೊದಲು ಬರೆದಿಡಬೇಕು. ಮಂಪರಿನಲ್ಲಿದ್ದೆ. ಕಣ್ಣು ತೆರೆದರೆ ಎದುರಿನ ಗೋಡೆಯ ಮೇಲೆ "ನಿಶ್ಶಬ್ದವಾಗಿರಿ" ಎಂಬ ಬೋರ್ಡು. ಮತ್ತೆ ಕಣ್ಣು ಮುಚ್ಚಿದೆ. ಆಗ ಕಾರಿಡಾರಿನಲ್ಲಿ ಯಾರೋ ದೊಡ್ಡ ದನಿಯಲ್ಲಿ ಕೂಗುತ್ತ ಓಡಿ ಬರುತ್ತಿರುವುದು ಕೇಳಿಸಿತು. ಹಿಂದೆಂದೂ ಕೇಳಿದ ದನಿಯಲ್ಲ. ನರ್ಸುಗಳು ಶ್ ಶ್ ಎನ್ನುತ್ತಿದ್ದಾರೆ. ಬಾಗಿಲು ಧಡ್ ಎಂದು ತೆರೆಯಿತು. ಭಾವ. ಮೂವತ್ತು ವರ್ಷ ಇತರರ ಬಾಯಿ ಮುಚ್ಚಿಸುತ್ತ ಬಂದ ನಮ್ಮ ಭಾವ, ಇಡೀ ಮಹಡಿಗೆ ಕೇಳಿಸುವಂತೆ ಕೂಗಿದರು.

"ಬಂತು ಕಣೋ! ಅವಳಿಗೆ ಮೂತ್ರ ಬಂತು! ನೀರು ಕುಡೀರಿ ಅಂದ್ರಂತೆ, ಲೋಟ ತುಂಬಾ ಕುಡಿದ್ಲು!"

ನರ್ಸು ಬಂದು ಅವರ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು. ಹೋಗುತ್ತ ಭಾವ ನರ್ಸಿಗೂ ಹೇಳುತ್ತಿದ್ದರು, ಬಂತು, ಬಂತು ಎಂದು. ನಾನು ನಕ್ಕು, ಪಕ್ಕೆ ಹಿಡಿದುಕೊಂಡು, ಅತ್ತು, ಮತ್ತೆ ನಿದ್ದೆ ಹೋದೆ. ಎಷ್ಟು ಬಂತು ಎಂದು ಕೇಳುವುದು ನನಗೆ ಹೊಳೆಯಲೇ ಇಲ್ಲ.